ಈ ಎದೆಬಡಿತ ಯಾರದು?

"ಈ ಗೀಟು ನನ್ನ ತಂಗಿ ಗಂಡನ ಎದೇದಲ್ಲ ಇನ್‌ಸ್ಪೆಕ್ಟ್ರೇ. ಬೇಕಾದ್ರೆ ಬರ್ದು ಸಹಿ ಹಾಕಿ ಕೊಡ್ತೀನಿ!"

ಪಲುಪಿ ಕಾಗದವನ್ನು ಮೇಜಿನ ಮೇಲೆ ಬಡಿದ ರಭಸಕ್ಕೆ ಇನ್‌ಸ್ಪೆಕ್ಟರ್ ಬ್ರಮಾಂತ್ಯೊನ ಲೋಟದಿಂದ ಅರ್ಧ ಟೀ ತಟ್ಟೆಗೆ ಇಳಿಯಿತು. ಜಗುಲಿಯಲ್ಲಿ ಚಾಪೆ ಹಾಸುತ್ತಿದ್ದ ನೆಂಟರು ಕೆಲಸ ಬಿಟ್ಟು ತಿರುಗಿ ನೋಡಿದರು. ಏಳನೆಯ ದಿನದ ಪ್ರಾರ್ಥನೆಗೆ ಸಂಜೆ ಅರ್ಧ ಸೆಮರಾಂಗ್ ಊರೇ ಈ ಮನೆಗೆ ಬರುವುದಿತ್ತು.

"ಶುರುವಾಯ್ತು," ಎಂದು ಕುಸ್ನಾದಿ ಕುರ್ಚಿಯಲ್ಲಿ ಹಿಂದಕ್ಕೊರಗಿದ. ಸತ್ತ ಹರ್ಜೋನೊನ ತಮ್ಮ ಆತ. ಅತ್ತಿಗೆಯ ಮೇಲೆ ಪೊಲೀಸರಿಗೆ ದೂರು ಕೊಟ್ಟವನೂ ಆತನೇ. "ಆಸ್ಪತ್ರೇಲಿ ಮೂವತ್ತು ವರ್ಷ ಜನರ ಎದೆಗೆ ವೈರು ಅಂಟಿಸ್ತಿದ್ದೋರು ಈಗ ಪತ್ತೇದಾರಿಕೆಗೆ ಇಳಿದಿದಾರೆ. ಡಾಕ್ಟ್ರಿಗೆ ಗೊತ್ತಾಗದೇ ಇದ್ದದ್ದು ಇವ್ರಿಗೆ ಗೊತ್ತಾಗುತ್ತಂತೆ."

"ಮೂವತ್ತಲ್ಲಪ್ಪ, ಮೂವತ್ನಾಲ್ಕು. ನಿನ್ನ ಎದೆಗೂ ಅಂಟಿಸಿದ್ದೀನಿ. ವೈರು ನೋಡಿಯೇ ಬೆವತು ನೀರಾಗಿದ್ದೆ. ಸುಮ್ನೆ ಕೂತು ಕೇಳು."

ಒಬ್ಬ ನೆಂಟ ಕೆಮ್ಮಿನ ನೆಪದಲ್ಲಿ ನಕ್ಕ. ಕುಸ್ನಾದಿಯ ಕಿವಿ ಕೆಂಪಾಯಿತು.

ಸಂಗತಿ ಇಷ್ಟು: ಎದೆಬಡಿತ ತಾಳ ತಪ್ಪುತ್ತಿದೆಯೆಂದು ಹರ್ಜೋನೊನ ಸ್ಮಾರ್ಟ್ ವಾಚು ಮತ್ತೆ ಮತ್ತೆ ಎಚ್ಚರಿಸಿತ್ತು, ಡಾಕ್ಟರು ರಕ್ತ ತೆಳುವಾಗಿಸುವ ಮಾತ್ರೆ ಬರೆದಿದ್ದರು, ಬಚ್ಚಲಲ್ಲಿ ಜಾರಿ ಬಿದ್ದಾಗ ಆದ ಸಣ್ಣ ಪೆಟ್ಟಿಗೆ ತಲೆಯೊಳಗೆ ರಕ್ತ ಹರಿದು ನಿಲ್ಲದೆ ಆತ ತೀರಿಕೊಂಡಿದ್ದ. ಅವನ ರಕ್ತದಲ್ಲಿ ಮಾತ್ರೆಯ ಮದ್ದು ಇರಬೇಕಾದದ್ದಕ್ಕಿಂತ ಎರಡು ಪಟ್ಟು ಇತ್ತೆಂದು ಆಸ್ಪತ್ರೆಯ ವರದಿ ಹೇಳಿತು. ದಿನವೂ ಮಾತ್ರೆ ಕೈಗಿಡುತ್ತಿದ್ದವಳು ಹೆಂಡತಿ ರೆತ್ನೊ, ಪಲುಪಿಯ ಒಬ್ಬಳೇ ತಂಗಿ.

"ಇಲ್ಲಿ ನೋಡಿ." ಪಲುಪಿ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟಳು. "ಇದು ಎರಡು ವರ್ಷದ ಹಿಂದೆ ನನ್ನ ಕೈಯಾರೆ ತೆಗೆದ ಹರ್ಜೋನೊನ ಇಸಿಜಿ. ಒಂದೊಂದು ಬಡಿತಕ್ಕೂ ಅಲೆ ಎದ್ದಿದೆಯಲ್ಲ, ಅದರ ನೆತ್ತಿ ನೋಡಿ. ಎರಡು ಕೊಂಬು. ಅವನ ಎದೆಯ ಎಡಗಡೆ ಸಂದೇಶ ಹೋಗೋ ದಾರಿ ಚಿಕ್ಕಂದಿನಿಂದಲೂ ನಿಧಾನ. ಅಪಾಯ ಇಲ್ಲ, ಆದ್ರೆ ಸಾಯೋ ತನಕ ಆ ಕೊಂಬು ಹೋಗಲ್ಲ. ಈಗ ಇದು ನೋಡಿ, ಅವನ ವಾಚಿನಿಂದ ಬಂದದ್ದು. ತಾಳ ತಪ್ಪಿದೆ, ನಿಜ. ಕೊಂಬೆಲ್ಲಿ?"

ಬ್ರಮಾಂತ್ಯೊ ಬಗ್ಗಿ ನೋಡಿದ. ಅಲೆಗಳು ಒಂದು ಹತ್ತಿರ, ಒಂದು ದೂರ, ಸಂತೆಯಲ್ಲಿ ನುಗ್ಗುವ ಜನರ ಹಾಗೆ ಅಡ್ಡಾದಿಡ್ಡಿ ನಿಂತಿದ್ದವು. ಆದರೆ ಪ್ರತಿಯೊಂದರ ತುದಿಯೂ ಒಂಟಿ.

"ಡಾಕ್ಟರು ಇದನ್ನ ನೋಡಲಿಲ್ವಾ ಬು?" ಜಾವಾದ ಈ ಊರಿನಲ್ಲಿ ಹಿರಿಯ ಹೆಂಗಸರನ್ನು 'ಬು' ಎಂದೇ ಕರೆಯುವುದು.

"ಡಾಕ್ಟರು ಓದಿದ್ದು ಫೋನಿನ ಮೇಲಿನ ಒಂದು ಸಾಲು. 'ತಾಳ ತಪ್ಪಿದೆ.' ಕೆಳಗಿನ ಗೀಟು ನೋಡೋಕೆ ಅವ್ರಿಗೆ ಪುರುಸೊತ್ತಿರಲಿಲ್ಲ. ಅದೂ ಎಲ್ಲಿ? ಓಟಗಾರರ ಕ್ಲಬ್ಬಿನಲ್ಲಿ, ಬೋಂಡಾ ತಿಂತಾ. ಕ್ಲಿನಿಕ್ಕಿಗೆ ಬಾ, ಮತ್ತೊಂದ್ಸಲ ತೆಗೆಯೋಣ ಅಂದ್ರೆ ಈ ಮಹಾರಾಯ ನಾಳೆ ನಾಳೆ ಅಂತ ನಾಲ್ಕು ವಾರ ತಳ್ಳಿದ. ಯಾಕೆ ತಳ್ಳಿದ? ಅದನ್ನ ಕೇಳಿ."

"ಯಾಕೆ?"

"ಯಾಕಂದ್ರೆ ವಾಚು ಬೇರೆ ಯಾರದೋ ಕೈಲಿತ್ತು. ಅವನಿಗದು ಗೊತ್ತಿತ್ತು. ಬೆರಳಿಟ್ಟು ಅರ್ಧ ನಿಮಿಷ ಅಲ್ಲಾಡದೆ ಕೂತರೆ ಮಾತ್ರ ವಾಚು ಇಂಥ ಗೀಟು ಎಳೆಯೋದು. ಬೇಕು ಅಂತಲೇ ಯಾರೋ ಕೂತಿದಾರೆ, ಒಂದಲ್ಲ, ಮೂರು ಭಾನುವಾರ. ಈ ಎದೆ ಹರ್ಜೋನೊನದಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅವನು ಮಾತ್ರೆ ನುಂಗೋದನ್ನ ನೋಡ್ತಾ ಇದ್ರು. ಈ ಗೀಟಿನ ಒಡೆಯ ಸಿಕ್ಕಿದ್ರೆ ನಿಮ್ಮ ಕೊಲೆಗಾರ ಸಿಕ್ಕ ಹಾಗೆ. ನನ್ನ ತಂಗಿ ತಂಟೆಗೆ ಬರಬೇಡಿ."

"ನಾಲ್ಕು ಗಂಟೆಗೆ ರೆತ್ನೊ ಅವರನ್ನ ಠಾಣೆಗೆ ಕರ್ಕೊಂಡು ಹೋಗಬೇಕು ಅಂತ ಮೇಲಿನವರ ಆದೇಶ ಇದೆ," ಎಂದ ಬ್ರಮಾಂತ್ಯೊ. ಕೆಟ್ಟವನಲ್ಲ, ಆದರೆ ಆದೇಶವಿಲ್ಲದೆ ಟೀ ಕೂಡ ಕುಡಿಯದ ಜಾತಿ.

"ಪ್ರಾರ್ಥನೆಯ ದಿನ, ಮನೆ ತುಂಬ ನೆಂಟರ ಮುಂದೆ?"

"ಆದೇಶ ಬು."

"ಸರಿ. ನಾಲ್ಕು ಗಂಟೆ ಒಳಗೆ ಆ ಎದೆ ಹುಡುಕಿ ತರ್ತೀನಿ. ತರದೇ ಇದ್ರೆ ಅವಳ ಜೊತೆ ನನ್ನನ್ನೂ ಜೀಪಿಗೆ ಹತ್ತಿಸಿ. ಲಾಕಪ್ಪಿನಲ್ಲೂ ಜಗಳ ಆಡ್ತೀನಿ, ನೆನಪಿರಲಿ."

ಗೋಡೆ ಗಡಿಯಾರ ಹನ್ನೆರಡೂಕಾಲು ತೋರಿಸುತ್ತಿತ್ತು.

ಅಡುಗೆಮನೆಯಲ್ಲಿ ರೆತ್ನೊ ಸಂಜೆಯ ಅನ್ನದ ಡಬ್ಬಿಗಳನ್ನು ತುಂಬುತ್ತಿದ್ದಳು. ಅನ್ನ, ಹುರಿದ ಸೇಮಿಗೆ, ಒಂದು ಮೊಟ್ಟೆ, ಮುಚ್ಚಳ. ಕೈ ನಿಲ್ಲುತ್ತಿರಲಿಲ್ಲ. ವಾರದಲ್ಲಿ ಅವಳ ಕೆನ್ನೆ ಒಳಕ್ಕೆ ಹೋಗಿತ್ತು.

"ಅಕ್ಕ, ಬಿಟ್ಬಿಡು," ಎಂದಳು ತಲೆಯೆತ್ತದೆ. "ಕರ್ಕೊಂಡು ಹೋದ್ರೆ ಹೋಗ್ಲಿ. ನೀನು ಊರೆಲ್ಲ ತಿರುಗಿ ಹಾರಾಡೋದು ಬೇಡ."

"ನಿನ್ನ ಬಾಯಿಂದ ಈ ಮಾತಾ? ಏಳನೇ ಕ್ಲಾಸಿನಲ್ಲಿ ಪರೀಕ್ಷೆಯಲ್ಲಿ ನಕಲು ಹೊಡೆದೆ ಅಂತ ಸುಳ್ಳು ಹೇಳಿದ ಮೇಷ್ಟ್ರನ್ನ ಅಪ್ಪನ ಮುಂದೆ ನಿಲ್ಲಿಸಿದವಳು ನಾನು. ಈ ಕುಸ್ನಾದಿ ಯಾವ ಲೆಕ್ಕ?"

"ಆಗ ನಾನು ನಕಲು ಹೊಡೆದಿರಲಿಲ್ಲ," ಎಂದಳು ರೆತ್ನೊ.

ಗಂಡ ಸತ್ತ ಹೆಂಗಸು ಬಳಲಿ ಏನೋ ಆಡುತ್ತಾಳೆ ಎಂದುಕೊಂಡ ಪಲುಪಿ ಅವಳ ಬೆನ್ನು ಸವರಿ ಹಿತ್ತಲಿಂದ ಹೊರಬಿದ್ದಳು. ತಂಗಿಯ ವಿಷಯಕ್ಕೆ ಬಂದರೆ ಅವಳ ಕಿವಿ ಅರ್ಧ ಮುಚ್ಚಿಯೇ ಇರುತ್ತಿತ್ತು. ಅದು ಅವಳಿಗೂ ಗೊತ್ತಿತ್ತು, ಬೇರೆಯವರು ಹೇಳಿದರೆ ಮಾತ್ರ ಸಿಟ್ಟು ಬರುತ್ತಿತ್ತು.

ಹಿಂದಿನ ರಾತ್ರಿಯೇ ಅವಳು ಹರ್ಜೋನೊನ ಫೋನಿನಲ್ಲಿದ್ದ ಓಟಗಳನ್ನೆಲ್ಲ ಬರೆದುಕೊಂಡಿದ್ದಳು. ಪ್ರತಿ ಭಾನುವಾರ ಬೆಳಗ್ಗೆ ಐದೂವರೆಯಿಂದ ಹತ್ತು ಕಿಲೋಮೀಟರು. ವರ್ಷವಿಡೀ ಒಂದೇ ವೇಗ, ಕಿಲೋಮೀಟರಿಗೆ ಐದೂವರೆ ನಿಮಿಷ, ಕುದುರೆಯ ಓಟ. ಸಾಯುವುದಕ್ಕೆ ಮುಂಚಿನ ಐದು ಭಾನುವಾರ ಮಾತ್ರ ಒಂಬತ್ತು ನಿಮಿಷ. ಪಾಪ, ಎದೆ ಕೈಕೊಟ್ಟಿತು ಎಂದು ಕ್ಲಬ್ಬಿನವರು ಮರುಗಿದ್ದರು. ಐವತ್ತಾರರ ವಯಸ್ಸು, ಮುಂದಕ್ಕೆ ಬಂದ ಹೊಟ್ಟೆ. ಮೊದಲಿನ ಐದೂವರೆ ನಿಮಿಷ ಹೇಗೆ ಸಾಧ್ಯವೆಂದು ಯಾರೂ ಕೇಳಿರಲಿಲ್ಲ.

ಕೇಳಿದರೆ ಹೇಳಬಲ್ಲವನು ಸ್ಟೇಡಿಯಮ್ಮಿನ ಗೇಟಿನ ಬಳಿ ಮರದ ನೆರಳಲ್ಲಿ ಗಂಜಿಯ ಪಾತ್ರೆ ತಿಕ್ಕುತ್ತಿದ್ದ. ತುಕಿಮಿನ್ ಇಪ್ಪತ್ತು ವರ್ಷದಿಂದ ಅದೇ ಜಾಗದಲ್ಲಿ ಕೋಳಿ ಗಂಜಿ ಮಾರುವವನು.

"ಹರ್ಜೋನೊ ಯಜಮಾನ್ರಾ? ದೇವರು ಒಳ್ಳೇದು ಮಾಡ್ಲಿ. ಪ್ರತಿ ಭಾನುವಾರ ಐದೂವರೆಗೆ ಬರೋರು. ಎರಡು ಬಟ್ಟಲು ಗಂಜಿ, ಆಮೇಲೆ ಆ ಬೆಂಚಿನ ಮೇಲೆ ಒಂದು ನಿದ್ದೆ."

"ಐದೂವರೆಗೆ ಓಡ್ತಿದ್ರಂತಲ್ಲ?"

ತುಕಿಮಿನ್ ಪುಸಕ್ಕನೆ ನಕ್ಕ. "ಓಡ್ತಾ ಇದ್ದದ್ದು ಅವ್ರ ವಾಚು. ಕ್ಲಬ್ಬಿನೋರು ಫೋಟೋ ತೆಗೆಯೋಕೆ ಬರೋ ಹೊತ್ತಿಗೆ ಎದ್ದು ಬಾಟ್ಲಿ ನೀರು ತಲೆ ಮೇಲೆ, ಅಂಗಿ ಮೇಲೆ ಸುರ್ಕೊಳ್ಳೋರು. ಬೆವರು! ಒಂದು ದಿನ ನೀರು ಖಾಲಿಯಾಗಿ ನನ್ನ ಗಂಜಿ ತಿಳಿ ಕೇಳಿದ್ರು ಬು. ಕೊಡಲಿಲ್ಲ. ವಾಸನೆ ಬರುತ್ತೆ ಅಂದೆ."

ನಗಬಾರದು ಎಂದುಕೊಂಡೂ ಪಲುಪಿ ನಕ್ಕಳು. ವಾಚು ಹಿಡಿದ ರೋಗ ತನ್ನದಲ್ಲವೆಂದು ಆ ಮನುಷ್ಯನಿಗೆ ಗೊತ್ತಿತ್ತು. ಹೇಳಿದ್ದರೆ ಮಾತ್ರೆ ಬೇಕಿರಲಿಲ್ಲ. ಆದರೆ ಕ್ಲಬ್ಬಿನ ನಲವತ್ತು ಜನರ ಮುಂದೆ ತಾನು ಓಡಿದ್ದೇ ಸುಳ್ಳೆಂದು ಹೇಳಬೇಕಿತ್ತು. ನಾಚಿಕೆ ನುಂಗಲಾರದೆ ಮಾತ್ರೆ ನುಂಗಿದ. ಥೂ, ಎಂಥ ದಡ್ಡ ಎಂದು ಅವಳಿಗೆ ಅಳು ಬಂತು.

"ವಾಚು ಕಟ್ಕೊಂಡು ಓಡ್ತಿದ್ದ ಜೋಕಿ ಯಾರು?" ಎಂದು ಕೇಳಿದಳು. ಬೇರೆಯವರ ವಾಚು ಕಟ್ಟಿಕೊಂಡು ಅವರ ಹೆಸರಿನಲ್ಲಿ ಓಡುವವರಿಗೆ ಊರಿನಲ್ಲಿ ಅದೇ ಹೆಸರು.

"ವೆನಿಂಗ್. ಓಟದಲ್ಲಿ ಜಿಲ್ಲೆಗೇ ಮೊದಲು ಬಂದಿದ್ದ ಹುಡುಗಿ. ಒಂದೇ ಕೈಗೆ ಮೂರು ವಾಚು ಕಟ್ಕೊಂಡು ಓಡೋಳು. ಕೆಳಗಿನ ಊರಿನಲ್ಲಿ, ಮೀನು ಹರಾಜು ಕಟ್ಟೆ ಹಿಂದೆ ಮನೆ."

ಪಲುಪಿ ಬಾಡಿಗೆ ಬೈಕು ಹತ್ತುತ್ತಲೇ ಇನ್‌ಸ್ಪೆಕ್ಟರಿಗೆ ಫೋನು ಮಾಡಿದಳು. "ಮೀನು ಹರಾಜು ಕಟ್ಟೆ ಹಿಂದೆ ಬನ್ನಿ. ಆಮೇಲೆ ನಾನು ಹೇಳಿಕೊಟ್ಟು ಹೇಳಿಸಿದೆ ಅಂತ ಆ ಕುಸ್ನಾದಿ ಬಾಯಿ ಹಾಕಬಾರದು. ನೀವೇ ನಿಂತು ಕಿವಿಯಾರೆ ಕೇಳಿ."

ಉಳ್ಳವರ ಗುಡ್ಡ ಇಳಿದರೆ ಸಿಗುವ ಕೆಳಗಿನ ಊರಿನಲ್ಲಿ ಸಮುದ್ರದ ನೀರು ಮಧ್ಯಾಹ್ನದ ಭರತಕ್ಕೆ ಬೀದಿಗೆ ಬಂದಿತ್ತು. ಪಲುಪಿ ಚಪ್ಪಲಿ ಕೈಯಲ್ಲಿ ಹಿಡಿದು, ಪಾದ ಮುಳುಗುವ ನೀರಿನಲ್ಲಿ ನಡೆದು ಬಾಗಿಲು ತಟ್ಟಿದಳು. ಒಳಗೆ ಎತ್ತರಿಸಿದ ನೆಲದ ಮೇಲೆ ಇಪ್ಪತ್ತಾರು ಇಪ್ಪತ್ತೇಳರ ಹೆಂಗಸೊಬ್ಬಳು ಇಸ್ತ್ರಿ ಹಾಕುತ್ತಿದ್ದಳು. ಎಡ ಮಂಡಿಗೆ ಪಟ್ಟಿ. ಕಿಟಕಿಯ ಬಳಿ ಎರಡು ವಾಚುಗಳು ಚಾರ್ಜಿಗೆ ಮಲಗಿದ್ದವು.

"ಯಾರ ವಾಚಮ್ಮಾ ಅವು?"

"ಒಂದು ಬ್ಯಾಂಕ್ ಮ್ಯಾನೇಜರ್ದು, ಒಂದು ಹಲ್ಲು ಡಾಕ್ಟರ್ದು," ಎಂದಳು ವೆನಿಂಗ್, ಇಸ್ತ್ರಿ ಪೆಟ್ಟಿಗೆ ಕೆಳಗಿಡದೆ. "ನಿಮ್ದೂ ಓಡಿಸಬೇಕಾ? ಮುಂದಿನ ತಿಂಗಳು ಬನ್ನಿ. ಮಂಡಿ ಇನ್ನೂ ವಾಸಿಯಾಗಿಲ್ಲ."

"ನಾನು ರೆತ್ನೊಳ ಅಕ್ಕ."

ಇಸ್ತ್ರಿ ಪೆಟ್ಟಿಗೆ ಅಂಗಿಯ ಮೇಲೆ ನಿಂತೇ ಬಿಟ್ಟಿತು. ಸುಟ್ಟ ವಾಸನೆ ಬಂದ ಮೇಲೆ ವೆನಿಂಗ್ ಅದನ್ನು ಎತ್ತಿದಳು.

"ನಿನ್ನ ಮೇಲೆ ನನಗೆ ಸಿಟ್ಟಿಲ್ಲ," ಎಂದಳು ಪಲುಪಿ. "ಆದ್ರೆ ನೀನು ಓಡುವಾಗ ಆ ವಾಚು ಗುರ್ ಅಂದದ್ದನ್ನ ಯಾಕೆ ಯಾರಿಗೂ ಹೇಳಲಿಲ್ಲ? ಅದು ನಿನ್ನ ಎದೆ. ತಾಳ ತಪ್ಪೋ ಎದೇಲಿ ರಕ್ತ ಗರಣೆ ಕಟ್ಟಿ ಮೆದುಳಿಗೆ ಹೋಯ್ತು ಅಂದ್ರೆ ಈ ವಯಸ್ಸಿಗೇ ಅರ್ಧ ಮೈ ಬಿದ್ದುಹೋಗುತ್ತೆ. ಆ ಮಾತ್ರೆ ನೀನು ತಿನ್ನಬೇಕಾದದ್ದು, ಅವನಲ್ಲ."

"ನನ್ನ ಎದೆಗೇನಾಗಿದೆ? ಕಲ್ಲು ಇದ್ದಂಗಿದೆ."

"ಹಾಗಾದ್ರೆ ತೋರಿಸು."

"ತೋರಿಸಲ್ಲ." ವೆನಿಂಗ್ ಗಲ್ಲ ಎತ್ತಿದಳು. "ತೋರಿಸಿದ್ರೆ ನಾನೇ ಕೊಂದೆ ಅಂತೀರಿ. ಗುಡ್ಡದ ಮೇಲಿನವರು ಮಲಗಿರ್ತೀರಿ, ನಾನು ಓಡ್ತೀನಿ. ಪದಕ ನಿಮ್ಮ ಗೋಡೆಗೆ, ಮಂಡಿ ನೋವು ನನಗೆ. ಈಗ ಕೊಲೆಯೂ ನಂದೇನಾ? ಅದನ್ನಾದ್ರೂ ನಿಮ್ಮವರೇ ಇಟ್ಕೊಳ್ಳಿ ಬು."

ಪಲುಪಿಗೆ ಆ ಹುಡುಗಿ ಇಷ್ಟವಾದಳು. ಅದೇ ಹೊತ್ತಿಗೆ ಬಾಗಿಲಲ್ಲಿ ನೀರು ಚಿಮ್ಮಿದ ಸದ್ದಾಯಿತು. ಪ್ಯಾಂಟು ಮಡಿಸಿಕೊಂಡ ಬ್ರಮಾಂತ್ಯೊ ಒಂದು ಕೈಯಲ್ಲಿ ಬೂಟು ಹಿಡಿದು ನಿಂತಿದ್ದ. ಗಂಟೆ ಮೂರಾಗಿತ್ತು.

"ಪೊಲೀಸರನ್ನೂ ಕರೆಸಿದೀರಾ!"

"ಕರೆಸಿದೀನಿ. ನನ್ನ ತಂಗಿಯನ್ನ ನಾಲ್ಕಕ್ಕೆ ಒಯ್ತಾರೆ. ಮಾಡದ ತಪ್ಪಿಗೆ ಒಬ್ಬ ಹೆಂಗಸು ಜೈಲಿಗೆ ಹೋಗೋದನ್ನ ನೀನೂ ಸಹಿಸಲ್ಲ, ನಾನೂ ಸಹಿಸಲ್ಲ. ಬೆರಳು ಇಡು."

ವೆನಿಂಗ್ ಅವಳನ್ನೇ ದಿಟ್ಟಿಸಿದಳು. ಆ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಕನಿಕರವಿತ್ತು. ಯಾಕೆಂದು ಪಲುಪಿಗೆ ಆಗ ತಿಳಿಯಲಿಲ್ಲ. ಹುಡುಗಿ ಹಲ್ಲು ಡಾಕ್ಟರ ವಾಚು ಕಟ್ಟಿಕೊಂಡು ಕುಳಿತು ಅದರ ಗುಂಡಿಯ ಮೇಲೆ ಬೆರಳಿಟ್ಟಳು.

ಮೂವತ್ತು ಸೆಕೆಂಡು. ಫೋನಿನ ಪರದೆಯ ಮೇಲೆ ಅಲೆಗಳು ಒಂದೊಂದಾಗಿ ಮೂಡಿದವು. ತಾಳ ಸರಿಯಾಗಿದೆ ಎಂದಿತು ವಾಚು.

"ಇವತ್ತು ಸರಿ ಇದ್ದ ಮಾತ್ರಕ್ಕೆ ಏನೂ ಆಗಲ್ಲ ಅಲ್ವಾ ಬು?" ಎಂದ ಬ್ರಮಾಂತ್ಯೊ. "ಈ ಕಾಯಿಲೆ ಬರುತ್ತೆ, ಹೋಗುತ್ತೆ ಅಂತಾರಲ್ಲ."

"ಬರುತ್ತೆ, ಹೋಗುತ್ತೆ." ಪಲುಪಿ ಕನ್ನಡಕ ಏರಿಸಿ ತನ್ನ ಕಾಗದವನ್ನು ಫೋನಿನ ಪಕ್ಕ ಹಿಡಿದಳು. ಹುಡುಗಿಯ ಅಲೆಗಳು ಎತ್ತರ, ಚೂಪು, ಓಟಗಾರರ ಎದೆಯಲ್ಲಿ ಇರುವಂಥವು. ಕಾಗದದವು ಅದರ ಅರ್ಧವೂ ಇರಲಿಲ್ಲ, ಬುಡದಲ್ಲಿ ಸಣ್ಣದೊಂದು ತಗ್ಗು ಬೇರೆ. ಮೂರು ಸಲ ನೋಡಿದಳು. ಸುಳ್ಳು ಹೇಳುವುದು ಸುಲಭವಿತ್ತು. ಇನ್‌ಸ್ಪೆಕ್ಟರಿಗೆ ಗೀಟು ಓದಲು ಬರುತ್ತಿರಲಿಲ್ಲ. ಇವಳದೇ ಎಂದಿದ್ದರೆ ತಂಗಿ ಸಂಜೆಯ ಪ್ರಾರ್ಥನೆಗೆ ಮನೆಯಲ್ಲಿರುತ್ತಿದ್ದಳು.

"ಇವಳದಲ್ಲ," ಎಂದಳು. "ಇವಳು ಕೊಂದಿಲ್ಲ."

ವೆನಿಂಗ್ ಕಣ್ಣು ಮಿಟುಕಿಸಿದಳು. ಇಷ್ಟು ಬೇಗ ತನ್ನನ್ನು ಯಾರಾದರೂ ನಂಬುತ್ತಾರೆಂದು ಅವಳು ಎಣಿಸಿರಲಿಲ್ಲ.

"ಹಾಗಾದ್ರೆ ಆ ಐದು ಭಾನುವಾರ ವಾಚು ಯಾರ ಕೈಲಿತ್ತು?" ಪಲುಪಿಯ ದನಿ ಏರಿತು. "ಮಂಡಿಗೆ ಪೆಟ್ಟಾದದ್ದು ಯಾವಾಗ?"

"ಆರೇಳು ವಾರದ ಹಿಂದೆ. ಇದೇ ಬೀದೀಲಿ ಪಾಚಿ ಮೇಲೆ ಜಾರಿದೆ." ಹುಡುಗಿ ಮಂಡಿಯ ಪಟ್ಟಿ ಬಿಗಿ ಮಾಡಿಕೊಂಡಳು. "ಯಜಮಾನ್ರು ಊರಲ್ಲಿರಲಿಲ್ಲ, ವಾಚು ವಾಪಸ್ ಕೊಡೋಕೆ ಮನೆಗೆ ಹೋದೆ. ಅಲ್ಲಿ... ಕೆಲಸ ತಪ್ಪಿಹೋಗುತ್ತೆ ಅಂತ ಅಳ್ತಾ ಇದ್ದೆ. 'ನಿನ್ನ ಬದಲು ನಾನು ಓಡ್ತೀನಿ, ಅವ್ರಿಗೆ ಹೇಳಬೇಡ, ನಿನ್ನ ಕೂಲಿ ನಿನಗೇ ಬರುತ್ತೆ' ಅಂದ್ರು. ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ಜೋಕಿಗೊಬ್ಬ ಜೋಕಿ!" ಎಂದು ಬ್ರಮಾಂತ್ಯೊ ಬೆರಗಾದ.

"ಕುಸ್ನಾದಿ ತಾನೆ?" ಪಲುಪಿ ಹುಡುಗಿಯ ಭುಜ ಹಿಡಿದಳು. "ಅಣ್ಣನ ಮನೇಲೇ ಬಿದ್ದಿರ್ತಾನೆ ಅವನು. ಹೇಳು, ಹೆದರಬೇಡ. ಗಟ್ಟಿಯಾಗಿ ಹೇಳು, ಇನ್‌ಸ್ಪೆಕ್ಟರ್ ಬರ್ಕೊಳ್ಳಲಿ!"

"ಬು, ಅವರನ್ನ ಹೊರಗೆ ಕಳಿಸಿ. ನಿಮಗೊಬ್ಬರಿಗೆ ಹೇಳ್ತೀನಿ."

"ಗುಟ್ಟು ಬೇಡ. ಏನಿದ್ರೂ ಅವರ ಎದುರಿಗೇ ಹೇಳು."

ವೆನಿಂಗ್ ಕಣ್ಣಲ್ಲಿ ನೀರು ತುಂಬಿತು.

"ನಿಮ್ಮ ತಂಗಿ, ಬು. ರೆತ್ನೊ ಅಮ್ಮಾವ್ರು."

ಹೊರಗೆ ಯಾರೋ ನೀರಿನಲ್ಲಿ ಸೈಕಲ್ಲು ತಳ್ಳಿಕೊಂಡು ಹೋದರು. ಪಲುಪಿ ಹುಡುಗಿಯ ಭುಜದಿಂದ ಕೈ ತೆಗೆಯುವುದನ್ನೇ ಮರೆತಿದ್ದಳು.

"ಮೊದಲನೇ ಭಾನುವಾರವೇ ವಾಚು ಗುರ್ ಅಂತಂತೆ," ವೆನಿಂಗ್ ಒಂದೇ ಉಸಿರಿಗೆ ಹೇಳಿದಳು. "ಭಯ ಆಗಿ ಇಲ್ಲಿಗೆ ಬಂದ್ರು. ಬೆರಳು ಎಲ್ಲಿಡೋದು ಅಂತ ನಾನೇ ತೋರಿಸ್ಕೊಟ್ಟೆ. ಅಕ್ಕನಿಗೆ ತೋರಿಸಿ ಅಂದೆ, ಅವ್ರಿಗೆ ಇದೆಲ್ಲ ಗೊತ್ತಲ್ಲ ಅಂದೆ. ಅಕ್ಕನಿಗೆ ಗೊತ್ತಾದ್ರೆ ಮನೆ ತಲೆಕೆಳಗು ಮಾಡ್ತಾಳೆ, ಬೇಡ ಅಂದ್ರು. ಎರಡು ವಾರ ಬಿಟ್ಟು ಬಂದಾಗ ನಗ್ತಾ ಇದ್ರು. 'ಮಾತ್ರೆ ಮನೆಗೆ ಬಂದಿದೆ, ಇನ್ನು ಚಿಂತೆ ಇಲ್ಲ' ಅಂದ್ರು."

ಬ್ರಮಾಂತ್ಯೊನ ಪೆನ್ನು ನಿಂತಿತು. ಗೀಟಿನ ಒಡೆಯನೇ ಕೊಲೆಗಾರ ಎಂದು ಮಧ್ಯಾಹ್ನ ಪಲುಪಿ ನೆಂಟರೆಲ್ಲರ ಎದುರು ಕೂಗಿ ಹೇಳಿದ ಮಾತು ಇಬ್ಬರಿಗೂ ನೆನಪಿತ್ತು. ಅವನು ಅದನ್ನು ಎತ್ತಲಿಲ್ಲ. ಆ ಮಟ್ಟಿಗೆ ಒಳ್ಳೆಯವನು. ಸುಮ್ಮನೆ ಕಾಗದಕ್ಕೆ ಕೈ ಚಾಚಿದ.

ಹರಿದು ನೀರಿಗೆ ಹಾಕಿದ್ದರೆ ಮುಗಿಯುತ್ತಿತ್ತು. ಪಲುಪಿಯ ಬೆರಳುಗಳು ಕಾಗದದ ಅಂಚನ್ನು ಬಿಗಿಯಾಗಿ ಹಿಡಿದವು. ಮೂವತ್ನಾಲ್ಕು ವರ್ಷದಲ್ಲಿ ಒಬ್ಬರ ಗೀಟನ್ನು ಇನ್ನೊಬ್ಬರದೆಂದು ಅವಳು ಹೇಳಿದವಳಲ್ಲ. ಮಂತ್ರಿಯ ಭಾವಮೈದುನ ಬಂದು ಹೆದರಿಸಿದಾಗಲೂ ಹೇಳಿರಲಿಲ್ಲ.

"ತಗೊಳ್ಳಿ," ಎಂದು ಕೊಟ್ಟಳು. "ಆದ್ರೆ ಕೇಳಿ. ಹೋಲಿಸದೇ ಏನೂ ಬರೆಯೋ ಹಾಗಿಲ್ಲ. ಅವಳ ಕೈಗೆ ವಾಚು ಕಟ್ಟೋಳು ನಾನು. ಗೀಟು ಓದೋಳು ನಾನು. ನಿಮ್ಮ ಡಾಕ್ಟ್ರು ಹತ್ತಿರ ಬಂದ್ರೆ ಕಾಲು ಮುರೀತೀನಿ. ನನ್ನ ತಂಗಿದೇ ಆದ್ರೆ ಹೌದು ಅಂತ ನಾನೇ ಹೇಳ್ತೀನಿ, ನೀವು ಹೇಳಿಸಬೇಕಾಗಿಲ್ಲ."

ಆಗ ಅವಳ ಫೋನು ಬಡಿದುಕೊಂಡಿತು. ಪರದೆಯ ಮೇಲೆ ರೆತ್ನೊ. ಬ್ರಮಾಂತ್ಯೊ ತನಗೂ ಕೇಳಲಿ ಎಂದು ಸನ್ನೆ ಮಾಡಿದ. ಅವಳು ಅವನ ಮುಖ ನೋಡುತ್ತಲೇ ಸ್ಪೀಕರು ಒತ್ತಿದಳು.

"ಅಕ್ಕ," ರೆತ್ನೊಳ ದನಿ ಮೆಟ್ಟಿಲು ಹತ್ತಿ ಬಂದವಳಂತೆ ಏದುತ್ತಿತ್ತು. "ವೆನಿಂಗ್ ಹತ್ರ ಹೋಗಿದೀಯ ಅಲ್ವಾ? ಅವಳು ಹೇಳಿದ್ದೆಲ್ಲ ನಿಜ. ಅವಳನ್ನ ಬೈಬೇಡ."

"ರೆತ್ನೊ, ಅವನಿಗೆ ಎರಡೆರಡು ಮಾತ್ರೆ—"

"ಆಮೇಲೆ ಕೇಳು. ಎದೆ ಶುರು ಮಾಡಿದೆ ಅಕ್ಕ, ಒಂದು ಗಂಟೆಯಿಂದ ನಿಲ್ತಾ ಇಲ್ಲ. ಎಡಗೈ ಎತ್ತೋಕಾಗ್ತಿಲ್ಲ. ಅನ್ನದ ಡಬ್ಬಿ ಕೈಜಾರಿ ಬಿತ್ತು. ಮಾತ್ರೆ ಎಲ್ಲಾ ಪೊಲೀಸ್ನೋರು ಒಯ್ದಿದಾರೆ... ನಾನು ತಿಂತಿದ್ದದ್ದೂ ಅವೇ... ವಾರದಿಂದ..." ಮಾತು ತೊದಲಿತು. ಏನೋ ನೆಲಕ್ಕೆ ಬಿದ್ದ ಸದ್ದು, ಆಮೇಲೆ ದೂರದಲ್ಲಿ ಯಾರೋ ಹೆಂಗಸು ಚೀರಿದ ಸದ್ದು.

ಪಲುಪಿ ಆಗಲೇ ಬಾಗಿಲು ದಾಟಿ ನೀರಿಗಿಳಿದಿದ್ದಳು, ಬರಿಗಾಲಲ್ಲಿ, ಬಟ್ಟೆ ನೆನೆಯುವುದನ್ನೂ ಲೆಕ್ಕಿಸದೆ. ವೆನಿಂಗ್ ಕುಂಟುತ್ತ ಹಿಂದೆ ಓಡಿ ಬಂದು ಹಲ್ಲು ಡಾಕ್ಟರ ವಾಚನ್ನು ಅವಳ ಕೈಗೆ ತುರುಕಿದಳು.

"ಬು!" ಬ್ರಮಾಂತ್ಯೊ ಫೋನು ಕಿವಿಗಿಟ್ಟು ಬಾಗಿಲಿನಿಂದಲೇ ಕೂಗಿದ. "ಏನು ಕಳಿಸಲಿ? ಆಂಬುಲೆನ್ಸಾ, ಜೀಪಾ?"

ಅವಳು ತಿರುಗಿ ನೋಡಲಿಲ್ಲ.

"ಎರಡೂ ಕಳ್ಸಿ! ಆದ್ರೆ ಜೀಪು ಹಿಂದೆ ಬರ್ಲಿ!"